ಸಣ್ಣ ದೋಣಿಗೆ ಸಣ್ಣ ಕೆರೆಯೇ ಲೇಸು: ಅಮೆರಿಕದಲ್ಲಿ ಬಾಸ್ ಮೀನಿನ ತಾಣ ಹುಡುಕುವ ಬಗೆ

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಎಂಬ ರೈತ ಯುವಕನು ಗೆಳೆಯನೊಡನೆ ಮಾಂಟ್‌ಗೊಮರಿ ಎಂಬ ಕೆರೆಗೆ ಗಾಳ ಹಾಕಲು ಹೋದನು. ಆಕ್ಮಲ್ಗೀ ನದಿಯು ತನ್ನ ಹಳೆಯ ಪಾತ್ರವನ್ನು ತೊರೆದು ಹರಿದಾಗ ಹಿಂದೆ ಉಳಿದ ಮಡುವೇ ಆ ಕೆರೆ. ಅವರು ಕುಳಿತಿದ್ದುದು ಕೈಯಾರೆ ಮಾಡಿಕೊಂಡಿದ್ದ ಹಲಗೆಯ ದೋಣಿಯಲ್ಲಿ. ಅಂದು ಗಾಳಕ್ಕೆ ಸಿಕ್ಕ ಬಾಸ್ ಮೀನು 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗಿತು. ಆ ವಿಶ್ವದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಎಂಬವರು ಸರಿಗಟ್ಟಿದರೇ ಹೊರತು ಇಂದಿಗೂ ಅದನ್ನು ಯಾರೂ ಮುರಿದಿಲ್ಲ.

ಈ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಬಾಸ್ ಮೀನುಗಾರಿಕೆ ಎಂದೊಡನೆ ಮಿನುಗುವ ಬಣ್ಣದ, ನೂರಾರು ಅಶ್ವಶಕ್ತಿಯ ಎಂಜಿನ್ ಹೊತ್ತ ದೋಣಿಗಳೂ, ದಡ ಕಾಣದಷ್ಟು ವಿಶಾಲವಾದ ಜಲಾಶಯಗಳೂ ಕಣ್ಣ ಮುಂದೆ ಬರುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗಾಳದ ಹವ್ಯಾಸ ಬೆಳೆಸಿಕೊಂಡವರು ಒಂದು ಚಿಕ್ಕ ದೋಣಿ ಕೊಂಡ ಕೂಡಲೇ ಹೆಸರಾಂತ ಜಲಾಶಯಗಳ ಹಾದಿ ಹಿಡಿಯುವುದುಂಟು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ! ಮನೆಯಿಂದ ಅರ್ಧ ಗಂಟೆಯ ದೂರದಲ್ಲಿರುವ, ಹೆಸರಿಲ್ಲದ ಕೆರೆಯೇ ಸಣ್ಣ ದೋಣಿಗೆ ಹೆಚ್ಚು ಸುರಕ್ಷಿತವೂ ಹೆಚ್ಚು ಫಲಪ್ರದವೂ ಆಗಿರುತ್ತದೆ. ಅಂಥ ಕೆರೆಯನ್ನು ಗುರುತಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಮೀನಿನ ಗುಣವೇ ಮೊದಲ ಸುಳಿವು

ಅಮೆರಿಕದ ಸಿಹಿನೀರಿನಲ್ಲಿ ಬಾಸ್ ಎಂದರೆ ಸಾಮಾನ್ಯವಾಗಿ ಎರಡು ಮೀನುಗಳು. ಒಂದು ದೊಡ್ಡಬಾಯಿಯ ಬಾಸ್, ಇನ್ನೊಂದು ಸಣ್ಣಬಾಯಿಯ ಬಾಸ್. ಸಣ್ಣಬಾಯಿಯದು ತಂಪಾದ, ತಿಳಿಯಾದ, ಕಲ್ಲುಬಂಡೆಗಳಿರುವ ನೀರನ್ನು ಬಯಸುತ್ತದೆ. ದೊಡ್ಡಬಾಯಿಯದಕ್ಕೆ ಬೆಚ್ಚಗಿನ, ಹೆಚ್ಚು ಓಟವಿಲ್ಲದ ನೀರು ಬೇಕು. ಜೊಂಡು, ನೈದಿಲೆಯ ಎಲೆ, ಮುಳುಗಿದ ಮರ, ಹಳೆಯ ಕಟ್ಟೆಯ ಕಂಬ ಇವುಗಳ ಮರೆಯಲ್ಲಿ ನಿಂತು, ಹತ್ತಿರ ಸುಳಿದ ಸಣ್ಣ ಮೀನನ್ನೋ ಕಪ್ಪೆಯನ್ನೋ ಸೀಗಡಿಯನ್ನು ಹೋಲುವ ಸಿಹಿನೀರಿನ ಜೀವಿಯನ್ನೋ ಥಟ್ಟನೆ ನುಂಗುವುದು ಅದರ ಬೇಟೆಯ ಕ್ರಮ.

ಆದುದರಿಂದ ದೊಡ್ಡಬಾಯಿಯ ಬಾಸ್ ವರ್ಷದ ಬಹುಭಾಗ ದಡದ ಆಸುಪಾಸಿನಲ್ಲೇ ಇರುತ್ತದೆ. ವಸಂತದಲ್ಲಿ ನೀರಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಂಡು ಮೀನು ಆಳವಿಲ್ಲದ ನೀರಿಗೆ ಬಂದು, ಬಾಲದಿಂದ ತಳವನ್ನು ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗಳನ್ನೂ ಮರಿಗಳನ್ನೂ ತಾನೇ ಕಾಯುತ್ತದೆ. ದೊಡ್ಡ ಜಲಾಶಯದ ನಡುವಿನ ಸಾವಿರಾರು ಎಕರೆ ನೀರು ಈ ಮೀನಿಗೆ ಬಹುಮಟ್ಟಿಗೆ ಬರಡು. ವಿಸ್ತಾರಕ್ಕೆ ಹೋಲಿಸಿದರೆ ದಡದ ಉದ್ದ ಹೆಚ್ಚಾಗಿರುವ, ಅಂಕುಡೊಂಕಾದ ಸಣ್ಣ ಕೆರೆಯಲ್ಲಿಯಾದರೋ ಹೆಚ್ಚಿನ ಪಾಲು ಅದರ ವಾಸಸ್ಥಾನವೇ. ಹುಟ್ಟು ಹಾಕಿಕೊಂಡು ಒಂದು ಬೆಳಗ್ಗೆ ಇಡೀ ದಡವನ್ನು ಸುತ್ತಿ ಬರಬಹುದಾದ ಕೆರೆಯಲ್ಲಿ ಮೀನು ಅಡಗಿರಬಹುದಾದ ಪ್ರತಿಯೊಂದು ಜಾಗವನ್ನೂ ಪರೀಕ್ಷಿಸಲು ಸಾಧ್ಯ.

ಎಂಜಿನ್ ನಿಷೇಧವೇ ವರದಾನ

ಹನ್ನೆರಡು ಅಥವಾ ಹದಿನಾಲ್ಕು ಅಡಿಯ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ, ಕೆನೂ ಅಥವಾ ಕಯಾಕ್ ಹೊಂದಿರುವವರು ಮೊದಲು ಹುಡುಕಬೇಕಾದುದು ಪೆಟ್ರೋಲ್ ಎಂಜಿನ್ನಿಗೆ ಅನುಮತಿಯಿಲ್ಲದ ಕೆರೆಗಳನ್ನು. ಕುಡಿಯುವ ನೀರಿನ ಜಲಾಶಯಗಳು, ಉದ್ಯಾನವನದ ಕೆರೆಗಳು, ವನ್ಯಜೀವಿ ಪ್ರದೇಶದ ಕೆರೆಗಳು ಹಲವೆಡೆ ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಹುಟ್ಟು ಅಥವಾ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು ಮಾತ್ರ ಸಲ್ಲುತ್ತದೆ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಇಂಥ ಕೆರೆಗಳು ಅನೇಕ. ಮಾನ್‌ಮತ್ ಕೌಂಟಿಯ ಸುಮಾರು 225 ಎಕರೆ ವಿಸ್ತಾರದ ಅಸನ್‌ಪಿಂಕ್ ಕೆರೆ ಒಂದು ಉದಾಹರಣೆ.

ದೊಡ್ಡ ದೋಣಿಯವರು ಈ ಕೆರೆಗಳತ್ತ ಸುಳಿಯುವುದು ಕಡಿಮೆ. ವೇಗದ ದೋಣಿಗಳು ಎಬ್ಬಿಸುವ ಅಲೆಗಳಿಲ್ಲ, ನೀರಿನ ಮೇಲೆ ಜಾರಾಟ ನಡೆಸುವವರ ಗದ್ದಲವಿಲ್ಲ. ಗಾಳಿಯ ವಿಷಯದಲ್ಲೂ ಅನುಕೂಲವಿದೆ. ಗಾಳಿ ಎಷ್ಟು ಉದ್ದದ ಬಯಲು ನೀರಿನ ಮೇಲೆ ಬೀಸಿಕೊಂಡು ಬರುವುದೋ ಅಲೆಯ ಎತ್ತರ ಅಷ್ಟು ಹೆಚ್ಚುತ್ತದೆ. ಹತ್ತು ಮೈಲಿ ಉದ್ದದ ಜಲಾಶಯದಲ್ಲಿ ಸಣ್ಣ ದೋಣಿಯನ್ನು ಮಗುಚಬಲ್ಲ ಗಾಳಿಯು, ಸುತ್ತಲೂ ಮರಗಳಿರುವ ಅರ್ಧ ಮೈಲಿಯ ಕೆರೆಯಲ್ಲಿ ಬರಿಯ ತೆರೆಗಳನ್ನೆಬ್ಬಿಸಿ ಸುಮ್ಮನಾಗಬಹುದು.

ಮಾಹಿತಿ ಸಾರ್ವಜನಿಕ ಸ್ವತ್ತು

ಅಮೆರಿಕದ ಪ್ರತಿಯೊಂದು ರಾಜ್ಯದಲ್ಲೂ ಮೀನು ಮತ್ತು ವನ್ಯಜೀವಿಗಳ ಉಸ್ತುವಾರಿಗೆ ಒಂದು ಇಲಾಖೆಯಿದೆ. ಸಾರ್ವಜನಿಕ ಕೆರೆಗಳ ಪಟ್ಟಿ, ದೋಣಿ ಇಳಿಸುವ ಜಾಗ, ಆಳದ ನಕಾಶೆ, ಮೀನು ಸಮೀಕ್ಷೆಯ ವರದಿ, ಎಲ್ಲಿ ಯಾವ ಮರಿಗಳನ್ನು ಬಿಡಲಾಗಿದೆ ಎಂಬ ವಿವರ ಇವುಗಳನ್ನು ಹಲವು ಇಲಾಖೆಗಳು ಉಚಿತವಾಗಿ ಅಂತರಜಾಲದಲ್ಲಿ ಒದಗಿಸುತ್ತವೆ. ಹತ್ತು ಎಕರೆಗಿಂತ ದೊಡ್ಡದಾದ 11,842 ಕೆರೆಗಳಿವೆಯೆಂದು ಲೆಕ್ಕವಿಟ್ಟಿರುವ ಮಿನ್ನೆಸೋಟ ರಾಜ್ಯದ ‘ಲೇಕ್‌ಫೈಂಡರ್’ ಸೇವೆ ಇದಕ್ಕೆ ಒಳ್ಳೆಯ ನಿದರ್ಶನ. ಕೆರೆಯ ಅಥವಾ ಕೌಂಟಿಯ ಹೆಸರು ಕೊಟ್ಟರೆ ಲಭ್ಯವಿರುವ ಸಮೀಕ್ಷೆ, ನಕಾಶೆಗಳೆಲ್ಲ ತೆರೆದುಕೊಳ್ಳುತ್ತವೆ. ಟೆಕ್ಸಾಸ್ ರಾಜ್ಯದ ಇಲಾಖೆಯು ನಗರದೊಳಗಿನ ಅಥವಾ ಸಾರ್ವಜನಿಕ ಉದ್ಯಾನದೊಳಗಿನ, 75 ಎಕರೆ ಮೀರದ ಕೆರೆಗಳನ್ನು ‘ಸಮುದಾಯ ಮೀನುಗಾರಿಕೆ ಕೆರೆ’ ಎಂದು ಪ್ರತ್ಯೇಕವಾಗಿ ವರ್ಗೀಕರಿಸಿದೆ.

ಈ ಮಾಹಿತಿ ಯಾರೋ ಮಾಡುವ ಉಪಕಾರವಲ್ಲ. 1950ರ ಒಂದು ಕೇಂದ್ರ ಕಾನೂನಿನಂತೆ ಗಾಳದ ಕೋಲು, ಸುರುಳಿ, ಕೃತಕ ಎರೆ ಮುಂತಾದವುಗಳ ಮೇಲೆ ತಯಾರಕರಿಂದ ತೆರಿಗೆ ಸಂಗ್ರಹಿಸಿ ರಾಜ್ಯಗಳಿಗೆ ಮೀನು ಸಂರಕ್ಷಣೆಗಾಗಿ ಹಂಚಲಾಗುತ್ತದೆ. 1984ರಲ್ಲಿ ಈ ವ್ಯವಸ್ಥೆಯನ್ನು ವಿಸ್ತರಿಸಿ ದೋಣಿಯ ಇಂಧನದ ತೆರಿಗೆಯನ್ನೂ ಸೇರಿಸಲಾಯಿತು. ದೋಣಿ ಇಳಿಸುವ ಕಟ್ಟೆಗಳಿಗೂ ಸಮೀಕ್ಷೆಗಳಿಗೂ ಇದರಿಂದ ಹಣ ಒದಗುತ್ತದೆ. ಗಾಳ ಕೊಂಡವರೂ ಪರವಾನಗಿ ಪಡೆದವರೂ ಆ ವೆಚ್ಚದಲ್ಲಿ ಪಾಲುದಾರರೇ. ಆದಕಾರಣ ನಿಮ್ಮ ಜಿಲ್ಲೆಯ ಮೀನು ತಜ್ಞರಿಗೆ ದೂರವಾಣಿ ಕರೆ ಮಾಡಿ, ‘ಸಣ್ಣ ದೋಣಿಗೆ ಯೋಗ್ಯವಾದ ಬಾಸ್ ಕೆರೆ ಯಾವುದು?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಸಮೀಕ್ಷೆಯನ್ನು ಓದುವ ಕ್ರಮ

ವರದಿಯಲ್ಲಿ ಒಟ್ಟು ಎಷ್ಟು ಮೀನು ಸಿಕ್ಕಿತು ಎಂಬುದಕ್ಕಿಂತ ಯಾವ ಗಾತ್ರದವು ಸಿಕ್ಕವು ಎಂಬುದು ಮುಖ್ಯ. ಸಣ್ಣ ಕೆರೆಗಳಲ್ಲಿ ಬಾಸ್ ಮತ್ತು ಅದರ ಮುಖ್ಯ ಆಹಾರವಾದ ಬ್ಲೂಗಿಲ್ ಎಂಬ ಅಗಲ ಮೈಯ ಮೀನು ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಅಲಬಾಮದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ 1930ರ ದಶಕದಿಂದ ನಡೆಸಿದ ಪ್ರಯೋಗಗಳು ಈ ಸಮತೋಲನದ ಮರ್ಮವನ್ನು ತಿಳಿಸಿಕೊಟ್ಟವು.

ವರದಿಯಲ್ಲಿ ಹನ್ನೆರಡು ಅಂಗುಲದೊಳಗಿನ ಬಾಸ್ ವಿಪರೀತವಾಗಿದ್ದು, ಬ್ಲೂಗಿಲ್ ದೊಡ್ಡ ದೊಡ್ಡವಾಗಿದ್ದರೆ ಅಲ್ಲಿ ಬಾಸ್ ಕಿಕ್ಕಿರಿದು ಹೊಟ್ಟೆಗಿಲ್ಲದೆ ಗಿಡ್ಡಾಗಿವೆ ಎಂದರ್ಥ. ಮಕ್ಕಳಿಗೆ ಗಾಳ ಕಲಿಸಲು, ದಿನವಿಡೀ ಮೀನು ಕಚ್ಚುವ ಖುಷಿ ಪಡೆಯಲು ಇದು ಪ್ರಶಸ್ತ. ಇದಕ್ಕೆ ತದ್ವಿರುದ್ಧವಾಗಿ ಮೂರರಿಂದ ಐದು ಅಂಗುಲದ ಬ್ಲೂಗಿಲ್ ಹೇರಳವಾಗಿದ್ದು ಬಾಸ್ ಕೆಲವೇ ಇದ್ದರೆ, ಇರುವ ಆ ಕೆಲವು ದೊಡ್ಡವಾಗಿರುವ ಸಂಭವ ಹೆಚ್ಚು. ಎರಡರಲ್ಲೂ ಎಲ್ಲ ಗಾತ್ರದವು ಇದ್ದರೆ ಅದು ಸಮತೋಲನದ ಕೆರೆ. ಸಮೀಕ್ಷೆಯ ವರ್ಷವನ್ನು ನೋಡಲು ಮರೆಯಬಾರದು. ಹತ್ತು ವರ್ಷ ಹಳೆಯ ವರದಿ ಇಂದಿನ ಕೆರೆಯ ಚಿತ್ರವಲ್ಲ.

ಆಳದ ಲೆಕ್ಕಾಚಾರ

ಆಳದ ನಕಾಶೆಯಲ್ಲಿ ಒಂದೇ ಆಳದ ಬಿಂದುಗಳನ್ನು ಸೇರಿಸಿ ಗೆರೆ ಎಳೆದಿರುತ್ತಾರೆ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ತಳ ಥಟ್ಟನೆ ಇಳಿಯುತ್ತದೆ; ದೂರ ದೂರವಿದ್ದರೆ ಸಮತಟ್ಟಾಗಿದೆ. ದಡದ ಹರವಾದ ಭಾಗವು ಒಮ್ಮೆಲೆ ಆಳಕ್ಕಿಳಿಯುವ ಅಂಚು, ನೀರೊಳಗೆ ಚಾಚಿಕೊಂಡ ನೆಲದ ಮೂಗು, ಮುಳುಗಿಹೋದ ಹಳ್ಳದ ಪಾತ್ರ ಇವು ಬಾಸ್ ಓಡಾಡುವ ದಾರಿಗಳು. ಅಣೆಕಟ್ಟೆಯ ಕೆರೆಗಳನ್ನು ಅರಿಯಲು ಕನ್ನಡಿಗರಿಗೆ ಹೊಸ ಪಾಠ ಬೇಕಿಲ್ಲ. ಏರಿಯ ಬಳಿ ಆಳ, ಹಳ್ಳ ಬಂದು ಸೇರುವ ಹಿನ್ನೀರಿನಲ್ಲಿ ಹೂಳು ಮತ್ತು ತೆಳುನೀರು ಎಂಬ ನಮ್ಮ ಊರ ಕೆರೆಯ ನಿಯಮವೇ ಟೆಕ್ಸಾಸಿನ ಕಟ್ಟೆಗೂ ಅನ್ವಯಿಸುತ್ತದೆ.

ಆಳ ಹೆಚ್ಚಾದಷ್ಟೂ ಮೀನು ಹೆಚ್ಚು ಎಂಬ ನಂಬಿಕೆ ಮಾತ್ರ ಸರಿಯಲ್ಲ. ಬೇಸಿಗೆಯಲ್ಲಿ ಕೆರೆಯ ಮೇಲ್ಪದರ ಬಿಸಿಯಾಗಿ ಹಗುರವಾಗುತ್ತದೆ. ತಣ್ಣನೆಯ ಭಾರವಾದ ನೀರು ಕೆಳಗುಳಿಯುತ್ತದೆ. ಇವೆರಡೂ ಬೆರೆಯದ ಕಾರಣ ಕೆಳಪದರಕ್ಕೆ ಗಾಳಿಯ ಸಂಪರ್ಕ ತಪ್ಪುತ್ತದೆ. ಪಾಚಿ ಸಮೃದ್ಧವಾಗಿರುವ ಕೆರೆಗಳಲ್ಲಿ ಅಲ್ಲಿ ಕೊಳೆಯುವ ವಸ್ತುಗಳು ಆಮ್ಲಜನಕವನ್ನೆಲ್ಲ ಹೀರಿ, ಕೆಳಪದರ ಮೀನಿಗೆ ಉಸಿರಾಡಲಾಗದ ಸ್ಥಳವಾಗುತ್ತದೆ. ಮೂವತ್ತು ಅಡಿ ಆಳದ ಇಂಥ ಕೆರೆಯಲ್ಲಿ ಜುಲೈ ತಿಂಗಳಲ್ಲಿ ಮೇಲಿನ ಅರ್ಧದಷ್ಟು ಮಾತ್ರ ಬಳಕೆಗೆ ಬರುತ್ತಿರಬಹುದು. ಆಗ ತಳಕ್ಕೆ ಗಾಳ ಬಿಟ್ಟು ಕಾಯುವುದು ವ್ಯರ್ಥ.

ಉತ್ತರದ ರಾಜ್ಯಗಳಲ್ಲಿ ಸಮಸ್ಯೆ ಬೇರೆ. ತೀರ ತೆಳುವಾದ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಮೇಲೆ ಹಿಮ ಮುಚ್ಚಿಕೊಂಡಾಗ ಬೆಳಕು ಒಳಗಿಳಿಯದೆ ಸಸ್ಯಗಳು ಆಮ್ಲಜನಕ ಉತ್ಪಾದಿಸುವುದು ನಿಲ್ಲುತ್ತದೆ. ದೀರ್ಘ ಚಳಿಗಾಲದ ಕೊನೆಗೆ ಮೀನುಗಳು ಸಾಮೂಹಿಕವಾಗಿ ಸಾಯುತ್ತವೆ. ಆದಕಾರಣ ಅಲ್ಲಿ ದಡದಲ್ಲಿ ಸಸ್ಯಗಳಿರುವ ತೆಳುನೀರಿನ ಜೊತೆಗೆ ಹದಿನೈದು–ಇಪ್ಪತ್ತು ಅಡಿಯ ಒಂದು ಮಡುವಾದರೂ ಇರುವ ಕೆರೆಯನ್ನು ಆರಿಸುವುದು ಜಾಣತನ.

ದೋಣಿಗೆ ಮುನ್ನ ಕಾಲ್ನಡಿಗೆ

ಕಾಗದದ ಮೇಲೆ ಮೂರು–ನಾಲ್ಕು ಕೆರೆಗಳನ್ನು ಆರಿಸಿಕೊಂಡ ನಂತರ, ದೋಣಿಯನ್ನು ಮನೆಯಲ್ಲೇ ಬಿಟ್ಟು ಒಂದು ಸಂಜೆ ದಡದಲ್ಲಿ ನಡೆದು ನೋಡುವುದು ಒಳಿತು. ದೋಣಿ ಇಳಿಸುವ ಇಳಿಜಾರು ಕಾಂಕ್ರೀಟಿನದೇ, ಮಣ್ಣಿನದೇ? ಟ್ರೇಲರ್ ಬೇಕೇ, ಇಬ್ಬರು ಹೊತ್ತು ಇಳಿಸಬಹುದೇ? ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ? ದಡದ ನೀರಿನಲ್ಲಿ ಸಣ್ಣ ಮೀನಿನ ಹಿಂಡುಗಳು ಕಾಣುತ್ತವೆಯೇ? ಕೊಕ್ಕರೆಗಳು ಎಲ್ಲಿ ನಿಂತಿವೆ? ಇವೆಲ್ಲ ಉಪಯುಕ್ತ ಸೂಚನೆಗಳು. ನೀರು ಹಸಿರು ಬಣ್ಣ ಬಳಿದಂತೆ ಕೆನೆಗಟ್ಟಿದ್ದರೆ ವಿಷಕಾರಿ ಪಾಚಿಯಿರಬಹುದು. ಅಲ್ಲಿ ನೀರಿಗಿಳಿಯದೆ ಎಚ್ಚರಿಕೆಯ ಫಲಕಗಳನ್ನು ಓದಬೇಕು.

ನಿಯಮಗಳನ್ನು ತಿಳಿಯುವ ಕಾಲವೂ ಇದೇ. ಮೀನುಗಾರಿಕೆ ಪರವಾನಗಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹುಟ್ಟಿನ ದೋಣಿಗೆ ನೋಂದಣಿ ಬೇಡದ ಎಷ್ಟೋ ರಾಜ್ಯಗಳಲ್ಲಿ ವಿದ್ಯುತ್ ಮೋಟಾರು ಜೋಡಿಸಿದೊಡನೆ ನೋಂದಣಿ ಕಡ್ಡಾಯವಾಗುತ್ತದೆ. ಒಯ್ಯಬಹುದಾದ ಮೀನಿನ ಕನಿಷ್ಠ ಉದ್ದ, ದಿನಕ್ಕೆ ಎಷ್ಟು, ಮೊಟ್ಟೆಯಿಡುವ ಕಾಲದ ನಿರ್ಬಂಧ ಇವು ಒಂದೊಂದು ಕೆರೆಗೂ ಬೇರೆಯಾಗಿರಬಹುದು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡತಕ್ಕದ್ದು.

ಜೀವಕ್ಕಿಂತ ಮೀನು ದೊಡ್ಡದಲ್ಲ

ಸಣ್ಣ ಕೆರೆ ಎಂದು ಮೈಮರೆಯುವುದು ಅಪಾಯ. ಅಮೆರಿಕದ ಕರಾವಳಿ ರಕ್ಷಣಾ ಪಡೆ ಪ್ರಕಟಿಸುವ ವಾರ್ಷಿಕ ವರದಿಗಳು ಒಂದೇ ಕಥೆಯನ್ನು ಹೇಳುತ್ತ ಬಂದಿವೆ. ದೋಣಿ ದುರಂತಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುಳುಗಿ ಸತ್ತವರು. ಮುಳುಗಿದವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಅವರ ದೋಣಿಗಳೂ ಬಹುತೇಕ ಚಿಕ್ಕವೇ. ದೋಣಿಯ ಮೂಲೆಯಲ್ಲಿ ಇಟ್ಟ ಜಾಕೆಟ್ ನೀರಿಗೆ ಬಿದ್ದವನ ನೆರವಿಗೆ ಬಾರದು.

ಏಪ್ರಿಲ್ ತಿಂಗಳ ಬಿಸಿಲು ಹಿತವಾಗಿದ್ದರೂ ನೀರು ಮಾತ್ರ ಕೊರೆಯುತ್ತಿರುತ್ತದೆ. ಅಂಥ ನೀರಿಗೆ ಬಿದ್ದಾಗ ಮೊದಲ ನಿಮಿಷದಲ್ಲೇ ಉಸಿರು ಎಳೆದುಕೊಂಡು ನೀರು ಒಳಹೊಕ್ಕಬಹುದು. ಹತ್ತಾರು ನಿಮಿಷಗಳಲ್ಲಿ ಕೈಕಾಲುಗಳು ಸ್ವಾಧೀನ ತಪ್ಪುತ್ತವೆ. ಊರ ಬಾವಿಯಲ್ಲಿ ಈಜು ಕಲಿತ ಪರಿಣತಿ ಆ ಚಳಿಯ ಮುಂದೆ ನಡೆಯದು. ಸಾಮಾನ್ಯ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ಭಾರ ಎಂಬ ಫಲಕವಿರುತ್ತದೆ. ಬ್ಯಾಟರಿಯ ತೂಕವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಗಾಳಿಯಿರುವಾಗ ಲಂಗರನ್ನು ದೋಣಿಯ ಮುಂಭಾಗದಿಂದಲೇ ಇಳಿಸಬೇಕು. ಹಿಂಭಾಗಕ್ಕೆ ಕಟ್ಟಿದರೆ ಅಲೆಗಳು ತಗ್ಗಾದ ಹಿಂಬದಿಯಿಂದ ಒಳನುಗ್ಗುತ್ತವೆ. ಗುಡುಗಿನ ಸದ್ದು ಕೇಳಿದೊಡನೆ ದಡ ಸೇರಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಮನೆಯವರಿಗೆ ತಿಳಿಸಿ ಹೊರಡಬೇಕು.

ಒಂದು ಕೆರೆಯ ಜೀವಿ ಇನ್ನೊಂದಕ್ಕೆ ಬೇಡ

ಸಣ್ಣ ದೋಣಿಯನ್ನು ಇಂದು ಈ ಕೆರೆಗೆ, ನಾಳೆ ಆ ಕೆರೆಗೆ ಒಯ್ಯುವುದು ಸುಲಭ. ಆದುದರಿಂದಲೇ ಅದರ ಒಡೆಯನ ಹೊಣೆಯೂ ಹೆಚ್ಚು. ನಮ್ಮ ಕರಾವಳಿಯ ಪಚ್ಚಿಲೆಯನ್ನು ಹೋಲುವ ಜೀಬ್ರಾ, ಕ್ವಾಗಾ ಎಂಬ ವಿದೇಶಿ ಚಿಪ್ಪುಜೀವಿಗಳು 1980ರ ದಶಕದ ಕೊನೆಯಲ್ಲಿ ಮಹಾಸರೋವರಗಳಲ್ಲಿ ಕಾಣಿಸಿಕೊಂಡು ದೇಶದ ಹಲವೆಡೆ ಹರಡಿದವು. ಕ್ಯಾಲಿಫೋರ್ನಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ ‘ಗೋಲ್ಡನ್ ಮಸೆಲ್’ ಎಂಬ ಇನ್ನೊಂದು ಜಾತಿ ಪತ್ತೆಯಾಯಿತು; ಅದರ ಬೆನ್ನಲ್ಲೇ ಅಲ್ಲಿನ ಹಲವು ಜಲಾಶಯಗಳು ಹೊರಗಿನ ದೋಣಿಗಳಿಗೆ ತಪಾಸಣೆ, ಕಾಯುವ ಅವಧಿ ಅಥವಾ ನಿರ್ಬಂಧವನ್ನು ವಿಧಿಸಿದವು. ಇವುಗಳ ಮರಿಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ದೋಣಿಯ ತಳದಲ್ಲಿ ಉಳಿದ ಒಂದು ಬೊಗಸೆ ನೀರು ಸಾಕು. ಕೆರೆ ಬಿಡುವ ಮುನ್ನ ದೋಣಿಯನ್ನು ತೊಳೆದು, ನೀರನ್ನೆಲ್ಲ ಬಸಿದು, ಚೆನ್ನಾಗಿ ಒಣಗಿಸುವುದು ಕಡ್ಡಾಯ ಶಿಸ್ತು.

ಬಾಸ್ ಮೀನನ್ನೇ ಹೊಸ ಕೆರೆಗೆ ಬಿಡುವ ಉತ್ಸಾಹ ಇನ್ನೂ ಘೋರ. ಗ್ವಾಟೆಮಾಲದ ಅಟಿಟ್ಲಾನ್ ಸರೋವರಕ್ಕೆ 1958ರಲ್ಲಿ ಕ್ರೀಡಾ ಮೀನುಗಾರಿಕೆಯ ಆಸೆಯಿಂದ ಬಾಸ್ ಬಿಡಲಾಯಿತು. ಅಲ್ಲಿ ಮಾತ್ರ ಇದ್ದ, ನಮ್ಮ ಗುಳುಮುಳುಕ ಹಕ್ಕಿಯ ದೊಡ್ಡ ಬಂಧುವಿನಂಥ ನೀರುಹಕ್ಕಿಯೊಂದರ ಆಹಾರವನ್ನು ಬಾಸ್ ಕಬಳಿಸಿತು. ಬೇರೆ ಕಾರಣಗಳೂ ಕೂಡಿ, 1990ರ ಹೊತ್ತಿಗೆ ಆ ಹಕ್ಕಿಯೇ ಭೂಮಿಯಿಂದ ಅಳಿಯಿತು. 1925ರಲ್ಲಿ ಬಾಸ್ ಅನ್ನು ಬರಮಾಡಿಕೊಂಡ ಜಪಾನ್, 2005ರಿಂದ ಅದನ್ನು ಜೀವಂತವಾಗಿ ಸಾಗಿಸುವುದನ್ನೂ ಹೊಸ ನೀರಿಗೆ ಬಿಡುವುದನ್ನೂ ಕಾನೂನಿನಿಂದ ನಿಷೇಧಿಸಿದೆ. ನಮ್ಮಲ್ಲೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ 2000ನೇ ಇಸವಿಯಲ್ಲಿ ನಿಷೇಧಿಸಿದ್ದರೂ ಅದು ಕೆರೆ, ನದಿಗಳನ್ನು ಸೇರಿದ ಸುದ್ದಿಗಳು ಬರುತ್ತಲೇ ಇವೆ. ಒಮ್ಮೆ ಬಿಟ್ಟ ಮೀನನ್ನು ಹಿಂದಕ್ಕೆ ಕರೆಯಲಾಗದು.

ಹಿಡಿದ ಮೀನನ್ನು ಸಾರು ಮಾಡುವವರಿಗೂ ಒಂದು ಮಾತು. ಬಾಸ್ ಬೇಟೆಯಾಡುವ ಮೀನಾದ್ದರಿಂದ ಅದರ ಮೈಯಲ್ಲಿ ಪಾದರಸ ಸಂಗ್ರಹವಾಗುತ್ತದೆ. ವಯಸ್ಸಾದ ದೊಡ್ಡ ಮೀನಿನಲ್ಲಿ ಹೆಚ್ಚು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಎಷ್ಟು ತಿನ್ನಬಹುದೆಂದು ರಾಜ್ಯಗಳು ಕೆರೆವಾರು ಸಲಹೆ ನೀಡುತ್ತವೆ. ನಿಯಮ ಒಪ್ಪುವ ಸಣ್ಣ ಮೀನನ್ನು ಊಟಕ್ಕೆ ಇಟ್ಟುಕೊಂಡು ದೊಡ್ಡದನ್ನು ನೀರಿಗೆ ಮರಳಿಸಿದರೆ ಆರೋಗ್ಯಕ್ಕೂ ಕ್ಷೇಮ, ಕೆರೆಗೂ ಕ್ಷೇಮ.

ಕೊನೆಯದಾಗಿ, ಆರಿಸಿದ ಕೆರೆಯನ್ನು ಒಂದೆರಡು ಸಲ ಬರಿಗೈಯಲ್ಲಿ ಬಂದ ಮಾತ್ರಕ್ಕೆ ಕೈಬಿಡಬಾರದು. ದಿನಾಂಕ, ನೀರಿನ ಉಷ್ಣತೆ, ಗಾಳಿಯ ದಿಕ್ಕು, ಮೀನು ಕಚ್ಚಿದ ಜಾಗ ಮತ್ತು ಆಳ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ನಾಲ್ಕೂ ಋತುಗಳಲ್ಲಿ ಹೋಗಿ ಬಂದರೆ, ಒಂದು ವರ್ಷದಲ್ಲಿ ಆ ಕೆರೆಯ ಬಗ್ಗೆ ಯಾವ ನಕಾಶೆಯಲ್ಲೂ ಸಿಗದ ತಿಳಿವಳಿಕೆ ಕೈಗೂಡುತ್ತದೆ.